70 ಸಾವಿರದೊಳಗೆ ಡಿಸೈನ್ ಕಂಪ್ಯೂಟರ್: ಲ್ಯಾಮಿಂಗ್ಟನ್ ರೋಡಿನಲ್ಲಿ ನಾನು ಹಾಕಿದ ಲೆಕ್ಕ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: ‘ಬಜೆಟ್ ಕಿತನಾ ಹೈ?’ 70 ಸಾವಿರ ಎಂದರೆ ಸ್ವಲ್ಪ ಹೊತ್ತಿನಲ್ಲೇ 72 ಸಾವಿರದ ಕೊಟೇಶನ್ ಕೈಗೆ ಬರುತ್ತದೆ. ಯಾವ ಕೆಲಸಕ್ಕೆ ಅಂತ ಕೇಳುವವರು ಕಡಿಮೆ. ಕೇಳಿದಾಗ ನೀವು ‘ಡಿಸೈನಿಂಗ್’ ಅಂದರೆ ಮುಗಿಯಿತು. ದೊಡ್ಡ ಪ್ರೊಸೆಸರ್, ಸಣ್ಣ ಗ್ರಾಫಿಕ್ಸ್ ಕಾರ್ಡ್ (ಚಿತ್ರಗಳ ಲೆಕ್ಕ ಮಾಡುವ ಭಾಗ), ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್. ಎಲ್ಲ ಕೊಟೇಶನ್ನೂ ಹೆಚ್ಚು ಕಡಿಮೆ ಹೀಗೇ ಇರುತ್ತಿತ್ತು.

ನಾನು ಡೊಂಬಿವಲಿಯವನು. ಇಂಟೀರಿಯರ್ ಡಿಸೈನ್ ಓದುತ್ತಿದ್ದೆ. ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಕ್ಯಾಶಿಯರ್. ಇದು 2023ರ ಮಾತು. 70 ಸಾವಿರದಲ್ಲಿ 40 ಅಪ್ಪನದು. ಉಳಿದದ್ದು ನಾನು ಗಣಪತಿ ಹಬ್ಬದ ಫ್ಲೆಕ್ಸ್, ಯಕ್ಷಗಾನದ ಪೋಸ್ಟರ್, ಮದುವೆ ಕಾಗದ ಡಿಸೈನ್ ಮಾಡಿ ಕೂಡಿಸಿದ್ದು. ಮುಂಬಯಿಯಲ್ಲಿ ನಮ್ಮವರ ಸಂಘ ಸಂಸ್ಥೆಗಳಿಗೆ ಬರವಿಲ್ಲ, ಹಾಗಾಗಿ ಈ ಕೆಲಸಕ್ಕೂ ಬರವಿಲ್ಲ. ದುಡ್ಡು ಮಾತ್ರ ತಡವಾಗಿ ಬರುತ್ತದೆ, ಅದು ಬೇರೆ ಕಥೆ.

ಕ್ಲಾಸಿನಲ್ಲಿ ಬಹುತೇಕ ಎಲ್ಲರೂ ಲ್ಯಾಪ್‌ಟಾಪ್ ತಗೋ ಅಂದರು. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಎರಡೂವರೆ ಕೆಜಿಯ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ಒಂದು ಸಲ ನಿಂತು ನೋಡಿ, ಆಮೇಲೆ ಮಾತಾಡೋಣ. ಆದರೆ ನನ್ನ ನಿಜವಾದ ಕಾರಣ ಅದಲ್ಲ. ಆರ್‌ಟಿಎಕ್ಸ್ 3060 ಅನ್ನುವ ಗ್ರಾಫಿಕ್ಸ್ ಕಾರ್ಡ್ ಲ್ಯಾಪ್‌ಟಾಪಿನಲ್ಲೂ ಇದೆ, ಡೆಸ್ಕ್‌ಟಾಪಿನಲ್ಲೂ ಇದೆ. ಲ್ಯಾಪ್‌ಟಾಪಿನದ್ದಕ್ಕೆ 6 ಜಿಬಿ ಮೆಮೊರಿ, 2021ರಲ್ಲಿ ಬಂದ ಡೆಸ್ಕ್‌ಟಾಪ್ ಕಾರ್ಡಿಗೆ 12 ಜಿಬಿ. ಹೆಸರು ಒಂದೇ, ಮೆಮೊರಿ ಅರ್ಧ. ಲ್ಯಾಪ್‌ಟಾಪಿನಲ್ಲಿ ಆಮೇಲೆ ಅದನ್ನು ಬದಲಾಯಿಸೋಕೂ ಆಗುವುದಿಲ್ಲ.

ಕೊಳ್ಳುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಎಲ್ಲರೂ ಮಾಡಬೇಕು ಅನ್ನುತ್ತೇನೆ. ಕಾಲೇಜಿನ ಲ್ಯಾಬಿನಲ್ಲಿ ನನ್ನದೇ ಫೈಲುಗಳನ್ನು ತೆರೆದು, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್ ಪ್ರೋಗ್ರಾಂ) ಇಟ್ಟುಕೊಂಡು ಕೂತೆ. ಯಾವ ಕೆಲಸ ನನ್ನನ್ನು ಕಾಯಿಸುತ್ತದೆ? ಕಾಯುವಾಗ ಕಂಪ್ಯೂಟರಿನ ಯಾವ ಭಾಗ ಬೆವರುತ್ತದೆ? ಇಷ್ಟೇ ನೋಡಿದ್ದು.

3ಡಿ ಮಾಡೆಲ್ ಮಾಡುವ ಸ್ಕೆಚ್‌ಅಪ್‌ನಲ್ಲಿ ಭಾರಿ ಮಾಡೆಲ್ ತಿರುಗಿಸುವಾಗ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಓಡುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ನಕ್ಷೆ ಬರೆಯುವ ಆಟೋಕ್ಯಾಡ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಇದನ್ನು ಅಪ್ಪನಿಗೆ ಹೀಗೆ ಹೇಳಿದೆ: ಅಡುಗೆಮನೆಯಲ್ಲಿ ಹದಿನಾರು ಒಲೆ ಇದ್ದರೂ ದೋಸೆ ಹಾಕುವವನು ಒಬ್ಬನೇ ಆದರೆ, ಬೇಕಾದದ್ದು ಅವನ ಕೈ ಚುರುಕು, ಒಲೆಯ ಲೆಕ್ಕ ಅಲ್ಲ. ತಕ್ಷಣ ಅರ್ಥವಾಯಿತು. ಕೋರುಗಳು ಜಾಸ್ತಿ ಇರುವ ದುಬಾರಿ ಪ್ರೊಸೆಸರಿನ ಆಸೆ ಅಲ್ಲಿಗೆ ಬಿಟ್ಟೆ.

ಫೋಟೋಶಾಪ್ ಕೇಳುವುದು ಕೆಲಸ ನಡೆಯುವಾಗ ಬಳಸುವ ಮೆಮೊರಿ, ಅಂದರೆ ರ‍್ಯಾಮ್. 20 ಅಡಿಗೆ 10 ಅಡಿಯ ಒಂದು ಫ್ಲೆಕ್ಸನ್ನು ಇಂಚಿಗೆ 72 ಪಿಕ್ಸೆಲ್‌ನಂತೆ ಪೂರ್ತಿ ಅಳತೆಗೆ ಮಾಡಿದರೆ 17,280ಕ್ಕೆ 8,640 ಪಿಕ್ಸೆಲ್. ಪ್ರಿಂಟಿಂಗಿನ ನಾಲ್ಕು ಬಣ್ಣದ ಪದ್ಧತಿ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. ಅಂದರೆ ಪೂರ್ತಿ ತುಂಬಿದ ಒಂದೇ ಲೇಯರಿಗೆ ಸುಮಾರು 600 ಎಂಬಿ. ಅಧ್ಯಕ್ಷರು, ಕಾರ್ಯದರ್ಶಿ, ಮಹಿಳಾ ವಿಭಾಗದವರು, ದಾನಿಗಳು ಎಲ್ಲರ ಫೋಟೊ ಹಾಕುವಷ್ಟರಲ್ಲಿ 8 ಜಿಬಿಯ ಲ್ಯಾಬ್ ಕಂಪ್ಯೂಟರ್ ಉಸಿರುಗಟ್ಟುತ್ತಿತ್ತು. (ಕಾಲು ಅಳತೆಯಲ್ಲಿ ಮಾಡಿ ಪ್ರಿಂಟಿಂಗ್‌ನವರಿಗೆ ದೊಡ್ಡದು ಮಾಡಲು ಹೇಳಿದರೂ ನಡೆಯುತ್ತದೆ. ಫ್ಲೆಕ್ಸನ್ನು ಹತ್ತಿರ ಹೋಗಿ ನೋಡುವವರು ದಾನಿಗಳು ಮಾತ್ರ.)

ಇನ್ನು ಬ್ಲೆಂಡರ್, 3ಡಿ ಮಾಡೆಲನ್ನು ಫೋಟೊದಂಥ ಚಿತ್ರ ಮಾಡುವ (ಅದೇ ರೆಂಡರ್) ಪ್ರೋಗ್ರಾಂ. ರೆಂಡರ್ ಹಾಕಿದರೆ ಊಟ ಮಾಡಿ ಬರುವಷ್ಟು ಹೊತ್ತು. ಇಲ್ಲಿ ಗ್ರಾಫಿಕ್ಸ್ ಕಾರ್ಡೇ ಎಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಗ್ರಾಫ್ ಮಾಮೂಲಿಯಾಗಿ ‘3ಡಿ’ ಎಂದಿರುತ್ತದೆ, ಅದರಲ್ಲಿ ಏನೂ ಏರುವುದಿಲ್ಲ. ಅದನ್ನು ‘ಕೂಡಾ’ (CUDA, ಎನ್ವಿಡಿಯಾ ಕಂಪನಿಯ ಕಾರ್ಡಿನಲ್ಲಿ ಲೆಕ್ಕ ಓಡಿಸುವ ವ್ಯವಸ್ಥೆ) ಎಂದು ಬದಲಾಯಿಸುವ ಆಯ್ಕೆ ಸಿಕ್ಕರೆ ಆಗ ನಿಜವಾದ ದುಡಿಮೆ ಕಾಣುತ್ತದೆ. ನನಗೆ ಅಡ್ಡಿಯಾದದ್ದು ವೇಗಕ್ಕಿಂತ ಕಾರ್ಡಿನ ಮೆಮೊರಿ. ಮರದ ಒಂದು 4ಕೆ ಟೆಕ್ಸ್ಚರ್ (ವಸ್ತುವಿನ ಮೈಗೆ ಅಂಟಿಸುವ ಚಿತ್ರ) ಡಿಸ್ಕಿನಲ್ಲಿ ನಾಲ್ಕೈದು ಎಂಬಿ ಇರಬಹುದು. ಆದರೆ ಕಾರ್ಡಿಗೆ ಹೋಗುವಾಗ ಅದು ಬಿಚ್ಚಿಕೊಂಡು 64 ಎಂಬಿ ಆಗುತ್ತದೆ. 4,096ಕ್ಕೆ 4,096, ಗುಣಿಸು 4 ಬೈಟ್, ನೀವೇ ಲೆಕ್ಕ ಹಾಕಿ. ಒಂದು ಹಾಲ್, ಒಂದು ಅಡುಗೆಮನೆಯ ಸೀನ್‌ನಲ್ಲಿ ಇಂಥವು ಐವತ್ತು ಸುಲಭವಾಗಿ ಸೇರುತ್ತವೆ. 4 ಜಿಬಿಯ ಕಾರ್ಡ್ ಅಲ್ಲೇ ಕೈ ಎತ್ತಿತು, ಮೆಮೊರಿ ಸಾಲದು ಅಂತ ಹೇಳಿ ರೆಂಡರ್ ನಿಲ್ಲಿಸಿತು.

ಅಂಗಡಿಯವರು ಬರೆದುಕೊಟ್ಟದ್ದು ರೈಜನ್ 7 ಪ್ರೊಸೆಸರ್, ಜೊತೆಗೆ 4 ಜಿಬಿಯ ಜಿಟಿಎಕ್ಸ್ 1650. ನನಗೆ ಬೇಕಾದದ್ದು ಇದರ ಉಲ್ಟಾ. ಪ್ರೊಸೆಸರ್ ರೈಜನ್ 5 5600 ಸಾಕು, 6 ಕೋರ್, 12 ಥ್ರೆಡ್. ಉಳಿದ ದುಡ್ಡು 12 ಜಿಬಿಯ 3060ಕ್ಕೆ. ಎನ್ವಿಡಿಯಾದೇ ಯಾಕೆ ಅಂದರೆ, ಬ್ಲೆಂಡರಿನಲ್ಲಿ ರೆಂಡರ್ ಮಾಡುವ ಭಾಗವಾದ ಸೈಕಲ್ಸ್, ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಾಂಶದ ಮೂಲಕ ಆರ್‌ಟಿಎಕ್ಸ್ ಕಾರ್ಡಿನ ರೇ ಟ್ರೇಸಿಂಗ್ ಕೋರುಗಳನ್ನು (ಬೆಳಕಿನ ದಾರಿಯ ಲೆಕ್ಕ ಹಾಕುವವು) ಚೆನ್ನಾಗಿ ಬಳಸುತ್ತದೆ. ಯಾವ ಕಾರ್ಡ್ ಎಷ್ಟು ಓಡುತ್ತದೆ ಎಂದು ಬ್ಲೆಂಡರ್ ಓಪನ್ ಡೇಟಾ ವೆಬ್‌ಸೈಟಿನಲ್ಲಿ ಜನ ತಮ್ಮ ಕಂಪ್ಯೂಟರಿನ ಅಂಕಗಳನ್ನು ಹಾಕಿರುತ್ತಾರೆ. ಅಂಗಡಿಯಲ್ಲಿ ಹೇಳುವ ಗೇಮಿಂಗ್ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬಿಟ್ಟು ಅದನ್ನು ನೋಡಿ.

ಹೊಸ 3060ಕ್ಕೆ ಆಗ 26 ಸಾವಿರದ ಮೇಲೆ ಹೇಳುತ್ತಿದ್ದರು. ಅಷ್ಟು ಕೊಟ್ಟರೆ ಮಾನಿಟರಿಗೆ ದುಡ್ಡಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡಲು ಶುರುಮಾಡಿದೆ. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಅದನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಮೈನಿಂಗ್ (ಲೆಕ್ಕ ಓಡಿಸಿ ನಾಣ್ಯ ಗಳಿಸುವುದು) ಮಾಡುವುದು ನಿಂತುಹೋಯಿತು. ಅದುವರೆಗೆ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಹೆದರಬೇಕಾ? ನನಗೆ ಹಾಗನಿಸಲಿಲ್ಲ. ದುಡಿದ ಕಾರ್ಡಿನಲ್ಲಿ ಸಾಮಾನ್ಯವಾಗಿ ಸವೆಯುವುದು ಫ್ಯಾನ್, ಒಣಗುವುದು ಬಿಸಿ ದಾಟಿಸುವ ಥರ್ಮಲ್ ಪೇಸ್ಟ್. ಎರಡನ್ನೂ ಸರಿಮಾಡಬಹುದು. ಮುಂಬಯಿಯಲ್ಲಿ ನಾನು ಅದಕ್ಕಿಂತ ಜಾಸ್ತಿ ಹೆದರುವುದು ಸಮುದ್ರದ ಗಾಳಿಗೆ. ಕಾರ್ಡಿನ ಕಬ್ಬಿಣದ ಪಟ್ಟಿ, ಸ್ಕ್ರೂ, ಎಚ್‌ಡಿಎಂಐ ಕಿಂಡಿ, ಇವುಗಳಲ್ಲಿ ತುಕ್ಕು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಕೊನೆಗೆ ಗೋರೆಗಾಂವ್‌ನ ಒಬ್ಬ ಹುಡುಗನ ಹತ್ತಿರ 18 ಸಾವಿರಕ್ಕೆ ಕುದುರಿತು. ಬಿಲ್ ಇತ್ತು, ವಾರಂಟಿ ಇನ್ನೂ ಉಳಿದಿತ್ತು. ಬಿಲ್‌ನ ಸೀರಿಯಲ್ ನಂಬರನ್ನು ಕಾರ್ಡಿನ ಮೇಲಿನದಕ್ಕೆ ತಾಳೆ ನೋಡಿದೆ. ಅವನ ಕಂಪ್ಯೂಟರಿನಲ್ಲೇ ಜಿಪಿಯು-ಝಡ್ ತೆರೆದು 12 ಜಿಬಿ ಹೌದಾ ಎಂದು ನೋಡಿದೆ. ಹಳೆ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವವರಿದ್ದಾರೆ, ಈ ಪ್ರೋಗ್ರಾಂ ಅಂಥವನ್ನು ಸಾಮಾನ್ಯವಾಗಿ ಹಿಡಿಯುತ್ತದೆ. ಆಮೇಲೆ ಪೆನ್ ಡ್ರೈವಿನಲ್ಲಿ ತಂದಿದ್ದ ನನ್ನದೇ ಸೀನ್ ಹಾಕಿ ಅರ್ಧ ಗಂಟೆ ರೆಂಡರ್ ಓಡಿಸಿದೆ. ಪರದೆಯಲ್ಲಿ ಚುಕ್ಕಿ ಬರುತ್ತಾ, ಫ್ಯಾನ್ ಕಿರುಗುಟ್ಟುತ್ತಾ, ಬಿಸಿ ಎಲ್ಲಿಗೆ ಹೋಗಿ ನಿಲ್ಲುತ್ತೆ, ಎಲ್ಲ ನೋಡಿದೆ. ಕೇಬಲ್ ಬದಲಿಸಿ ಎಲ್ಲ ಪೋರ್ಟುಗಳನ್ನೂ ಪರೀಕ್ಷಿಸಿದೆ. ಅವನ ಅಮ್ಮ ಎರಡು ಸಲ ಚಹಾ ಕೊಟ್ಟರು. ಇಷ್ಟು ನೋಡಲು ಬಿಡದವನ ಹತ್ತಿರ ತಗೋಬೇಡಿ.

ಕಾರ್ಡ್ ಹಳೆಯದಾದರೂ ಪರವಾಗಿಲ್ಲ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಹೊಸದೇ ಬೇಕು. ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಕೂಡ. ಲ್ಯಾಮಿಂಗ್ಟನ್ ರೋಡಿನಲ್ಲಿ ಕ್ಯಾಬಿನೆಟ್ ಜೊತೆಗೆ ಫ್ರೀ ಎಂದು ಒಂದು ಹಗುರ ಎಸ್‌ಎಂಪಿಎಸ್ ಬರುತ್ತದೆ. ಅದರ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಒಳಗೆ ಏನೂ ಇಲ್ಲ ಅಂತ. 3060 ಒಂದೇ 170 ವ್ಯಾಟ್ ಎಳೆಯುವ ಕಾರ್ಡ್. ನಾನು 80 ಪ್ಲಸ್ ಬ್ರಾಂಝ್ (ವಿದ್ಯುತ್ ಕಡಿಮೆ ಪೋಲಾಗುತ್ತದೆ ಎಂಬ ಗುರುತು) ಇರುವ 650 ವ್ಯಾಟ್‌ನದು ತಗೊಂಡೆ, 4,800. ಅಂಗಡಿಯವರು ‘ಇಷ್ಟು ಯಾಕೆ?’ ಅಂದರು. ಮುಂದೆ ದೊಡ್ಡ ಕಾರ್ಡ್ ಹಾಕಿದರೂ ಇದೇ ನಡೆಯಬೇಕು, ಅದಕ್ಕೆ.

ಪೇಟೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದರೆ ಸಿಗುವ ಈ ಬೀದಿಗೆ ಸರ್ಕಾರಿ ಹೆಸರು ಡಾ. ಭಡಕಮಕರ್ ಮಾರ್ಗ. ಒಂದು ಕಾಲಕ್ಕೆ ಹಿಂದಿ ಸಿನಿಮಾ ವಿತರಕರ ಬೀದಿ, ನಾಝ್ ಬಿಲ್ಡಿಂಗ್ ಇರುವುದು ಇಲ್ಲೇ. ಭಾನುವಾರ ಹೋಗಬೇಡಿ, ಬಹುಪಾಲು ಬಾಗಿಲು ಹಾಕಿರುತ್ತದೆ. ಹೇಳಿದ ಬೆಲೆ ಬಿಲ್ ಸಮೇತವೋ ಬಿಲ್ ಇಲ್ಲದೆಯೋ ಎಂದು ಮೊದಲೇ ಕೇಳಿ. ಜಿಎಸ್‌ಟಿ 18%. ‘ಕಚ್ಚಾ ಬಿಲ್ಲಿನಲ್ಲಿ ಕಡಿಮೆ ಮಾಡ್ತೀನಿ’ ಅನ್ನುತ್ತಾರೆ. ಮದರ್‌ಬೋರ್ಡ್ ಕೆಟ್ಟರೆ ಸರ್ವಿಸ್ ಸೆಂಟರಿನಲ್ಲಿ ಆ ಚೀಟಿಗೆ ಬೆಲೆಯಿಲ್ಲ. ಪ್ರೊಸೆಸರ್ ಅಗ್ಗಕ್ಕೆ ಸಿಕ್ಕಿದರೆ ಕಂಪನಿಯ ಬಾಕ್ಸ್‌ನದೋ ಬಿಡಿಯಾಗಿ ಬರುವ ಟ್ರೇಯದೋ ಎಂದು ಕೇಳಿ. ಟ್ರೇಯದಕ್ಕೆ ಕೂಲರ್ ಬರುವುದಿಲ್ಲ, ವಾರಂಟಿ ಅಂಗಡಿಯವನ ಬಾಯಿಮಾತು.

ಇನ್ನೊಂದು ಆಮಿಷ ‘ವರ್ಕ್‌ಸ್ಟೇಷನ್’. ಕಂಪನಿಗಳು ಕಳಚಿಹಾಕಿದ ಝಿಯಾನ್ ಪ್ರೊಸೆಸರಿನ ಯಂತ್ರ, ಒಳಗೆ ಕ್ವಾಡ್ರೋ ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ‍್ಯಾಮ್, ಎಲ್ಲ ಸೇರಿ 35 ಸಾವಿರ. ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ಆದರೆ ಅವು 2014ರ ಸುಮಾರಿನವು. ಒಂದೊಂದೇ ಕೋರಿನ ವೇಗ ಈಗಿನ ಸಣ್ಣ ಪ್ರೊಸೆಸರಿಗಿಂತ ಎಷ್ಟೋ ಕಡಿಮೆ. ನನ್ನ ಸ್ಕೆಚ್‌ಅಪ್‌ಗೆ ಬೇಕಿದ್ದದ್ದೇ ಆ ವೇಗ. ಆ ಕ್ವಾಡ್ರೋದಲ್ಲಿ ರೇ ಟ್ರೇಸಿಂಗ್ ಕೋರುಗಳಿಲ್ಲ. ಬೋರ್ಡ್, ಎಸ್‌ಎಂಪಿಎಸ್ ಆ ಕಂಪನಿಯ ಅಳತೆಯವೇ, ಹೊರಗಿನದು ಕೂರುವುದಿಲ್ಲ. ಮೈಕ್ರೋಸಾಫ್ಟ್‌ನ ಪಟ್ಟಿಯಂತೆ ವಿಂಡೋಸ್ 11ಕ್ಕೂ ಅವು ಅರ್ಹವಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂದಿಗೂ ಅವನ್ನು ಮಾರುತ್ತಿದ್ದಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ರೊಸೆಸರ್ 12,500. ನಾಲ್ಕು ರ‍್ಯಾಮ್ ಕಿಂಡಿ ಇರುವ ಬಿ550 ಬೋರ್ಡ್ 8,500. ಇನ್ನೂ ಅಗ್ಗದ ಬಿ450 ಇತ್ತು, ಆದರೆ ಹಳೆ ಸ್ಟಾಕ್ ಆದರೆ ಬಯೋಸ್ (ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ) ಅಪ್‌ಡೇಟ್ ಮಾಡದೆ ಈ ಪ್ರೊಸೆಸರನ್ನು ಗುರುತೇ ಹಿಡಿಯುವುದಿಲ್ಲ. ರ‍್ಯಾಮ್ 8 ಜಿಬಿಯ ಎರಡು ಪಟ್ಟಿ, 3,300. 16ರ ಒಂದೇ ಪಟ್ಟಿ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಓಡುವ ಅನುಕೂಲ) ಸಿಗುವುದಿಲ್ಲ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 4,500. ಮುಂದೆ ಜಾಲರಿ ಇರುವ ಕ್ಯಾಬಿನೆಟ್ 3,000, ಲೈಟಿಲ್ಲದ್ದು. 24 ಇಂಚಿನ ಐಪಿಎಸ್ ಮಾನಿಟರ್ 10 ಸಾವಿರ. ಮಾನಿಟರಿನಲ್ಲಿ ನಾನು ಕೇಳಿದ್ದು ಎಸ್‌ಆರ್‌ಜಿಬಿ ಬಣ್ಣಗಳು ಪೂರ್ತಿ ಇವೆಯಾ ಎಂದಷ್ಟೆ. 144 ಹರ್ಟ್ಝ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ತಗೋ ಎಂದರು. ಸೋಫಾ ಡಿಸೈನ್ ಮಾಡುವವನಿಗೆ ಅದು ಯಾಕೆ? ಕೀಬೋರ್ಡ್, ಮೌಸ್ 1,000. ವಿಂಡೋಸ್ ನಾವೇ ಹಾಕಿಕೊಡ್ತೀವಿ ಎಂದದ್ದಕ್ಕೆ ಬೇಡ ಎಂದೆ, ಕದ್ದ ಕಾಪಿಯ ಜೊತೆ ಏನೇನು ಬರುತ್ತದೋ. ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಪುಕ್ಕಟೆ, ಬ್ಲೆಂಡರ್ ಎಲ್ಲರಿಗೂ ಪುಕ್ಕಟೆ.

ಅಂಗಡಿಯಲ್ಲೇ ಜೋಡಿಸಿಕೊಟ್ಟರು. ಆನ್ ಮಾಡಿದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಹಾಕಿಸಿದೆ. 3200ರ ರ‍್ಯಾಮ್ ಎಂದು ದುಡ್ಡು ಕೊಟ್ಟರೂ, ಇದನ್ನು ಹಾಕದಿದ್ದರೆ ಬಹಳ ಸಲ 2133ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಮನೆಗೆ ಒಯ್ಯುವ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಟ್ಟೆ. ಭಾರದ ಕಾರ್ಡ್, ಕುಲುಕಾಟಕ್ಕೆ ಬೋರ್ಡಿನ ಸ್ಲಾಟ್ ಮುರಿಯಬಹುದು. ಸಿಎಸ್‌ಎಂಟಿ ಸ್ಟೇಷನ್ನಿನವರೆಗೆ ಟ್ಯಾಕ್ಸಿ, ಅಲ್ಲಿಂದ ಮಧ್ಯಾಹ್ನದ ಖಾಲಿ ಲೋಕಲ್‌ನ ಲಗೇಜ್ ಡಬ್ಬಿ. ಮೀನಿನ ಬುಟ್ಟಿಗಳ ಪಕ್ಕ ಜಾಗ ಸಿಕ್ಕಿತು.

ಯುಪಿಎಸ್ ಅಪ್ಪನ ಹೋಟೆಲಿನದು. ಬಿಲ್ಲಿಂಗ್ ಕೌಂಟರಿಗೆ ಹೊಸದು ತಂದಾಗ ಹಳೆಯ 1 ಕೆವಿಎ ಮೂಲೆಗೆ ಬಿದ್ದಿತ್ತು, ಧಣಿಗಳು ಒಯ್ಯಿ ಎಂದರು. 12 ವೋಲ್ಟಿನ ಎರಡು ಬ್ಯಾಟರಿ ಬದಲಿಸಲು 1,900 ಹಿಡಿಯಿತು. ಎಲ್ಲ ಸೇರಿ 67,500. ‘ಇಷ್ಟ್ ದುಡ್ಡಿಗೆ ಒಂದ್ ಡಬ್ಬಿಯಾ ಮಾರಾಯಾ’ ಎಂದರು ಅಪ್ಪ. ಮೊದಲ ರೆಂಡರ್ ತೋರಿಸಿದಾಗ ಅದರಲ್ಲಿದ್ದ ಅಡುಗೆಮನೆಯ ಕಟ್ಟೆ ಗಿಡ್ಡವಾಯಿತು ಎಂದು ತಿದ್ದಿದರು. ಅಳತೆ ನೋಡಿದರೆ ಅವರ ಮಾತೇ ಸರಿ.

ಮುಂದಿನ ಗಣಪತಿ ಹಬ್ಬದ ದುಡ್ಡು ಬಂದ ಮೇಲೆ ಇನ್ನೊಂದು ಜೋಡಿ ರ‍್ಯಾಮ್ ಹಾಕಿ 32 ಜಿಬಿ ಮಾಡಿದೆ. ಬ್ಲೆಂಡರಿನವರೂ ಶಿಫಾರಸು ಮಾಡುವುದು ಅಷ್ಟನ್ನೇ. ಈಗ ಕೊಳ್ಳುವವರು ಮಾತ್ರ ನನ್ನ ಬೆಲೆಗಳನ್ನು ನಂಬಿ ಹೋಗಬೇಡಿ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುವ ಎಎಂ5 ಬೋರ್ಡಿಗೆ ಹೋಗುವ ಮುಂಚೆ ರ‍್ಯಾಮ್‌ನ ರೇಟ್ ಕೇಳಿ. ಮನೆಯಲ್ಲೋ ಗೆಳೆಯರ ಹತ್ತಿರವೋ ಹಳೆಯ ಡಿಡಿಆರ್4 ಪಟ್ಟಿಗಳಿದ್ದರೆ ನನ್ನ ಹಾಗೆ ಡಿಡಿಆರ್4 ಒಪ್ಪುವ ಹಿಂದಿನ ತಲೆಮಾರಿನ ಎಎಂ4 ಬೋರ್ಡಿನಲ್ಲೇ ಕಟ್ಟಿ, ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿ.