ಒಣ ಗಂಟು

ಮೇ ತಿಂಗಳು ಬಂತೆಂದರೆ ಪುಣೆಯ ನಮ್ಮ ಕನ್ನಡದವರ ಮನೆಗಳಲ್ಲೂ ಇದೇ ಗದ್ದಲ. ಹಿಮಾಚಲದ ಟ್ರೆಕ್ಕಿಗೆ ನಾಳೆ ಸಂಜೆ ಝೇಲಂ ಎಕ್ಸ್‌ಪ್ರೆಸ್ ಹಿಡಿಯಬೇಕು, ಇವತ್ತು ರಾತ್ರಿ ಹತ್ತಕ್ಕೆ ಅಟ್ಟದಿಂದ ಸ್ಯಾಕ್ ಇಳಿಯುತ್ತದೆ. ಮೊದಲು ಜೀನ್ಸ್ ಒಳಗೆ ಹೋಗುತ್ತದೆ, ಅದರ ಮೇಲೆ ಆರು ಟೀ-ಶರ್ಟು, ಮೇಲೊಂದು ದಪ್ಪ ಟರ್ಕಿ ಟವೆಲು. ಮಳೆಗೆ ಮೈಮೇಲೆ ಹೊದೆಯುವ ಪೊಂಚೊ ಎಲ್ಲಿ ಎಂದು ಕೇಳಿದರೆ ತಳದಲ್ಲಿ ಅನ್ನುತ್ತಾರೆ. ಮಳೆ ಬಂದಾಗ ತಳದ ಪೊಂಚೊ ತೆಗೆಯಬೇಕಾದರೆ ಇಡೀ ಸ್ಯಾಕನ್ನು ಆ ಮಳೆಯಲ್ಲೇ ಬಿಚ್ಚಬೇಕು, ಇಷ್ಟು ಯಾರಿಗೂ ಹೊಳೆಯೋದಿಲ್ಲ. ವರ್ಷಾ ವರ್ಷಾ ಇದನ್ನೇ ನೋಡಿ ಸಾಕಾಗಿ ಬರೆಯಲು ಕೂತಿದ್ದೇನೆ.

ತಪ್ಪು ಪಾಠ ಸಿಗೋದು ಪುಣೆ ಹತ್ತಿರದ ಸಿಂಹಗಡ ಕೋಟೆಯಲ್ಲಿ. ಆತಕರವಾಡಿ ಕಡೆಯಿಂದ ಕಾಟನ್ ಅಂಗಿಯಲ್ಲಿ ಹತ್ತುತ್ತಾರೆ. ಬೆವರಿಗೆ ತೊಯ್ದ ಅಂಗಿಗೆ ಗಾಳಿ ಬಡಿದರೆ ಮೈ ತಣ್ಣಗಾಗುತ್ತದೆ, ಹಿತ ಅನಿಸುತ್ತದೆ. ಸಹ್ಯಾದ್ರಿಯ ಬೇಸಿಗೆಗೆ ಅದು ಸರಿಯೇ. ಅಲ್ಲಿ ಅರಿವೆಗಿಂತ ನೀರಿನ ಲೆಕ್ಕ ದೊಡ್ಡದು. ಮೇ ತಿಂಗಳಲ್ಲಿ ಕೋಟೆಗಳ ಮೇಲಿನ ನೀರಿನ ಟಾಕಿಗಳು ಎಷ್ಟೋ ಕಡೆ ಬತ್ತಿರುತ್ತವೆ, ಒಬ್ಬೊಬ್ಬರಿಗೆ ಮೂರರಿಂದ ನಾಲ್ಕು ಲೀಟರ್ ಮನೆಯಿಂದಲೇ ಹೊರಬೇಕು. ಅದೇ ಅಂಗಿಯನ್ನು ಹಿಮಾಚಲಕ್ಕೆ ಹಾಕಿಕೊಂಡು ಹೋದರೆ ಕತೆ ಬೇರೆ. ಸಿಂಹಗಡ ಸುಮಾರು 1,300 ಮೀಟರ್, ಹಿಮಾಚಲದ ಸಾರ್ ಪಾಸ್ ಕಣಿವೆದಾರಿ ಸುಮಾರು 4,200 ಮೀಟರ್. ಸಾವಿರ ಮೀಟರ್ ಏರಿದರೆ ಆರು, ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗೆ ಕಸೋಲ್‌ನಲ್ಲಿ ತೋಳು ಮಡಚಿ ಓಡಾಡುವ ಹವೆ ಇದ್ದರೆ, ಮೇಲಿನ ಕ್ಯಾಂಪಿನಲ್ಲಿ ರಾತ್ರಿ ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಆಲಿಕಲ್ಲು ಬೀಳೋದು ಅಲ್ಲಿ ಬೇಸಿಗೆಯಲ್ಲೂ ಮಾಮೂಲು. ಕಾಟನ್ ನೀರು ಕುಡಿದು ಮೈಗೆ ಅಂಟಿ ಕೂತರೆ ಒಣಗೋದೇ ಇಲ್ಲ, ಮೈಯ ಕಾವನ್ನು ಹೀರುತ್ತಲೇ ಇರುತ್ತದೆ. ಜೀನ್ಸಂತೂ ತೊಯ್ದರೆ ಎರಡು ದಿನ ಭಾರ ಹೊರಿಸುತ್ತದೆ, ತೊಡೆ ಉಜ್ಜಿ ಗಾಯ ಮಾಡುತ್ತದೆ. ಉಣ್ಣೆಯ ಗುಣ ಬೇರೆ, ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಜೀನ್ಸ್ ಮನೆಯಲ್ಲಿರಲಿ.

ದಾರಿಯ ಅರಿವೆ ಮಾತ್ರ ಬೇರೆ ಇರಬೇಕು. ಭುಸಾವಳ, ಖಂಡವಾ ದಾಟುವಾಗ ರೈಲಿನ ಡಬ್ಬಿ ಕಾದ ಹೆಂಚು. ಅಲ್ಲಿಗೆ ಹಳೆಯ ಕಾಟನ್ ಚೂಡಿದಾರವೋ ಪೈಜಾಮವೋ ಸಾಕು. ಅದನ್ನೊಂದು ಸಣ್ಣ ಪಿಶವಿ, ಅಂದರೆ ಚೀಲದಲ್ಲಿಟ್ಟು ಬೇಸ್ ಕ್ಯಾಂಪಿನಲ್ಲೇ ಬಿಟ್ಟು ಹತ್ತಬೇಕು, ಬರುವಾಗ ಅದೇ ಹಾಕಿಕೊಳ್ಳಬೇಕು. ಚಾಕೊಲೇಟು, ಮೇಣದಬತ್ತಿ, ತುಟಿಗೆ ಹಚ್ಚುವ ಮುಲಾಮು ಇವನ್ನು ಸ್ಯಾಕಿನ ಹೊರಜೇಬಿನಲ್ಲಿ ಇಟ್ಟು ಕಿಟಕಿ ಪಕ್ಕ ನಿಲ್ಲಿಸಬೇಡಿ. ಕರಗಿ ಜಿಪ್ಪಿಗೆಲ್ಲ ಮೆತ್ತಿಕೊಂಡಿರುತ್ತದೆ.

ಇನ್ನು ಎಷ್ಟು ಅರಿವೆ? ಏಳೆಂಟು ದಿನದ ಟ್ರೆಕ್ಕಿಗೆ ನಡೆಯಲು ಎರಡು ಜೊತೆ, ಮಲಗಲು ಒಂದು ಜೊತೆ, ಅಷ್ಟೇ. ದಿನಕ್ಕೊಂದು ಅಂಗಿ ಮದುವೆ ಮನೆಗೆ. ತೋಳು ತುಂಬ ಇರುವ ತೆಳು ಅಂಗಿ ಎರಡು, ಇಜಾರು ಎರಡು. ಇಜಾರಿನ ಹಿಂಭಾಗಕ್ಕೆ ಎರಡು ಸಾಲು ಹೊಲಿಗೆ ಇರಲಿ, ಇಲ್ಲದಿದ್ದರೆ ಹೊರಡುವ ಮೊದಲೇ ಹೊಡೆಸಿ. ಹಿಮದ ಇಳಿಜಾರಿನಲ್ಲಿ ಕೂತು ಜಾರುವಾಗ ಮೊದಲು ಬಿಡೋದು ಅದೇ ಹೊಲಿಗೆ. ಒಂದು ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಒಂದು ಜಾಕೆಟ್, ಒಂದು ಪೊಂಚೊ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದವು ಎರಡಿದ್ದರೆ ನಡುವೆ ಗಾಳಿ ನಿಂತು ಹೆಚ್ಚು ಬೆಚ್ಚಗಿರುತ್ತದೆ, ಏರುವಾಗ ಒಂದನ್ನು ಬಿಚ್ಚಲೂ ಬರುತ್ತದೆ. ಟವೆಲಿಗೆ ಹಳೆಯ ಪಂಜೆಯ ಒಂದು ಮೊಳ ಹರಿದುಕೊಳ್ಳಿ. ಹಿಂಡಿ ಸ್ಯಾಕಿನ ಹಿಂದೆ ಪಿನ್ನು ಚುಚ್ಚಿ ನೇತುಹಾಕಿದರೆ ನಡೆಯುತ್ತ ನಡೆಯುತ್ತಲೇ ಒಣಗುತ್ತದೆ. ಟರ್ಕಿ ಟವೆಲು ಮೂರನೇ ದಿನಕ್ಕೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಈಗ ನನ್ನ ಒಣ ಗಂಟಿನ ಮಾತು, ಅಂದರೆ ಮಲಗುವ ಅರಿವೆಯನ್ನು ನೀರು ತಾಗದಂತೆ ಕಟ್ಟೋದು. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ. ಮಲಗೋ ಜೊತೆ ಯಾವ ಕಾರಣಕ್ಕೂ ತೊಯ್ಯಬಾರದು. ಹಗಲು ಒದ್ದೆಯಾದರೆ ನಡೆಯುವ ಕಾವು ಇರುತ್ತದೆ, ರಾತ್ರಿ ಒದ್ದೆಯಾದರೆ ಏನೂ ಇರೋದಿಲ್ಲ. ಸ್ಯಾಕಿನ ಮೇಲೆ ಹೊದಿಸುವ ರೇನ್ ಕವರನ್ನು ನಂಬಿ ಕೂರುವವರೇ ಹೆಚ್ಚು. ಆ ಕವರು ಬೆನ್ನಿನ ಕಡೆ ತೆರೆದೇ ಇರುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿನ ಪಟ್ಟಿಯ ಗುಂಟ ಒಳಗೆ ಹೋಗುತ್ತದೆ, ಕೆಳಗೆ ಕವರಿನ ತೊಟ್ಟಿಲಲ್ಲೇ ನಿಂತು ತಳದ ಅರಿವೆಯನ್ನು ನೆನೆಸುತ್ತದೆ.

ಗಂಟಿಗೆ ಬೇಕಾದದ್ದು ದಪ್ಪ ಪ್ಲಾಸ್ಟಿಕ್ ಪಿಶವಿ ಎರಡು. ಕಿರಾಣಿ ಅಂಗಡಿಯ ಸಕ್ಕರೆ ಚೀಲದ ಒಳಗಿನ ಪ್ಲಾಸ್ಟಿಕ್ ಇದ್ದರೆ ಉತ್ತಮ, ಇಲ್ಲವೇ ಪುಣೆಯ ರವಿವಾರ ಪೇಟೆಯ ಬೋಹ್ರಿ ಆಳಿಯ ಓಣಿಯಲ್ಲಿ ತಂದುಕೊಳ್ಳಿ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡಬೇಕು, ಹರಿಯಬಾರದು. ಸರಪರ ಸದ್ದು ಮಾಡುವ ತೆಳು ಪಿಶವಿ ಬೇಡ, ಅದು ಮಡಿಕೆಯಲ್ಲೇ ಸೀಳುತ್ತದೆ. ತಂದದ್ದಕ್ಕೆ ಅರ್ಧ ಬಕೀಟು ನೀರು ತುಂಬಿ ಬಚ್ಚಲಲ್ಲಿ ಎತ್ತಿ ಹಿಡಿಯಿರಿ. ತೂತಿದ್ದರೆ ಹೊರಗೆ ಸಣ್ಣ ಮಣಿಯಂತೆ ಹನಿ ಕೂರುತ್ತದೆ. ಬೆರಳಾಡಿಸಿ ನೋಡಿ, ಮೂಲೆಯ ಹೊಲಿಗೆಯನ್ನು ಮುಖ್ಯವಾಗಿ. ಆಮೇಲೆ ಒಳಮೈ ಹೊರಮಾಡಿ ನೆರಳಲ್ಲಿ ಒಣಗಿಸಿ.

ಕಟ್ಟಲು ಸೈಕಲ್ಲಿನ ಹಳೆಯ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಒಂದು ಬೆರಳು ಅಗಲಕ್ಕೆ ಅಡ್ಡಡ್ಡ ಕತ್ತರಿಸಿದರೆ ಒಳ್ಳೆಯ ಉಂಗುರ ಬರುತ್ತದೆ. ಹತ್ತು ಹನ್ನೆರಡು ಮಾಡಿಕೊಳ್ಳಿ. ಒಳಗಿನ ಬಿಳಿ ಪುಡಿ ಹೋಗುವ ಹಾಗೆ ಸಬೀನಾ ಹಾಕಿ ತೊಳೆಯಿರಿ. ಹಾಲಿನ ಪಾಕೀಟಿಗೆ ಹಾಕುವ ರಬ್ಬರ್ ಬ್ಯಾಂಡು ಆ ಬಿಸಿಲು, ಆ ಚಳಿಗೆ ಬಿರುಕು ಬಿಟ್ಟು ಬೇಕಾದಾಗಲೇ ಕಿತ್ತು ಬರುತ್ತದೆ. ದಾರ ಕಟ್ಟಿ ಗಂಟು ಹಾಕಲೇಬೇಡಿ. ಸೆಟೆದ ಬೆರಳಿಗೆ ಗಂಟು ಬಿಚ್ಚಲಾಗದೆ ಪಿಶವಿಯನ್ನೇ ಹರಿಯುವವರು ಬಹಳ.

ಅರಿವೆ ಇಡುವ ಕ್ರಮವೂ ಇದೆ. ಉಣ್ಣೆಯ ಸ್ವೆಟರನ್ನು ನೆಲದ ಮೇಲೆ ಬೆನ್ನು ಕೆಳಗಾಗಿ ಹಾಸಿ. ಅದರ ಮೇಲೆ ಒಳ ಥರ್ಮಲ್ ಜೋಡಿ, ನಡುವೆ ದಪ್ಪ ಉಣ್ಣೆಯ ಕಾಲುಚೀಲ, ಕಿವಿಟೋಪಿ. ತೋಳುಗಳನ್ನು ಒಳಕ್ಕೆ ಮಡಚಿ, ಕೊರಳಿನ ಕಡೆಯಿಂದ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತ ಬನ್ನಿ. ಪಿಶವಿಗಿಳಿಸಿ, ಮೇಲೆ ಒಂದೂವರೆ ಗೇಣು ಬಾಯಿ ಉಳಿಯಬೇಕು. ಮಂಡಿ ಊರಿ ತಳದಿಂದ ಬಾಯಿಯ ಕಡೆಗೆ ನಿಧಾನವಾಗಿ ಒತ್ತುತ್ತ ಗಾಳಿ ಬಿಡಿಸಿ. ಒಮ್ಮೆಲೇ ಮೈಭಾರ ಹಾಕಿದರೆ ಹೊಲಿಗೆ ಸಿಡಿಯುತ್ತದೆ. ಗಾಳಿ ಹೋದ ಮೇಲೆ ಬಾಯಿಯನ್ನು ಹಿಡಿದು ಹುರಿ ಹೊಸೆದಂತೆ ಹೊಸೆಯಿರಿ, ಏಳೆಂಟು ಸುತ್ತು, ಕೈಗೆ ಕಡ್ಡಿಯಂತೆ ಗಟ್ಟಿ ಅನಿಸುವ ತನಕ. ಹೊಸೆದದ್ದನ್ನು ನಡುವೆ ಬಗ್ಗಿಸಿ ಇಮ್ಮಡಿ ಮಾಡಿ, ಆನೆ ಸೊಂಡಿಲು ಮಡಚಿದ ಹಾಗೆ. ಆ ಇಮ್ಮಡಿಯ ಮೇಲೆ ಟ್ಯೂಬಿನ ಉಂಗುರ ಮೂರು ಸುತ್ತು. ಬಗ್ಗಿಸದೆ ಬರೀ ಹೊಸೆದು ಕಟ್ಟಿದರೆ ನೆರಿಗೆಗಳ ಸಂದಿಯಲ್ಲಿ ನೀರು ಇಳಿಯುತ್ತದೆ. ಬಗ್ಗಿಸಿದಲ್ಲಿ ಆ ಸಂದಿಗಳು ಹಿಸುಕಿ ಮುಚ್ಚಿಹೋಗುತ್ತವೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಅರಿವೆ ಕಟ್ಟಿ ವರ್ಷವಿಡೀ ಗಾಳಿ ತಾಗದಂತೆ ಇಡುತ್ತಿದ್ದ ಕೈಗಳಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ಹೋಲ್ಡಾಲಿನ ಕಾಲದಲ್ಲಿ ಹಾಸಿಗೆ ಸುತ್ತುವಾಗಲೂ ಮಗುವಿನ ಅರಿವೆ ನಟ್ಟನಡುವೆ ಹೋಗುತ್ತಿತ್ತು.

ಮೊದಲ ಪಿಶವಿಯನ್ನು ತಲೆಕೆಳಗಾಗಿ ಎರಡನೆಯದರಲ್ಲಿ ಇಳಿಸಿ, ಒಳಗಿನ ಬಾಯಿ ಹೊರಗಿನದರ ತಳಕ್ಕೆ ಬರಬೇಕು. ಹೊರಗಿನದನ್ನೂ ಹಾಗೇ ಹೊಸೆದು, ಬಗ್ಗಿಸಿ, ಉಂಗುರ ಹಾಕಿ. ಈಗ ಬಕೀಟಿನಲ್ಲಿ ಮುಳುಗಿಸಿ, ಚಹಾ ಒಂದು ಕುದಿ ಬರುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಗುಳ್ಳೆ ಏಳದಿದ್ದರೆ ಗಂಟು ಪಾಸು. ಉಂಗುರದ ಸಂದಿಗೆ ಕೆಂಪು ಬ್ಲೌಸ್ ಪೀಸಿನ ಚೂರು ಸಿಕ್ಕಿಸಿ. ಕತ್ತಲಲ್ಲಿ ಟಾರ್ಚಿಗೆ ಕಾಣುತ್ತದೆ, ಹಗಲಲ್ಲಿ ಬೇರೆ ಪಿಶವಿ ಎಂದು ಯಾರೂ ಬಿಚ್ಚೋದಿಲ್ಲ.

ಬಿಚ್ಚೋದು ಟೆಂಟಿನೊಳಗೆ, ಒದ್ದೆ ಅರಿವೆ ಕಳಚಿ, ಕೈ ಒರೆಸಿಕೊಂಡ ಮೇಲೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಕಟ್ಟಬೇಕು. ಹುಡುಗರು ಸೋಲೋದು ಇಲ್ಲೇ. ನಿನ್ನೆಯ ಒದ್ದೆ ಕಾಲುಚೀಲಕ್ಕೆ ಕಾಲು ಹಾಕಲು ಮನಸ್ಸಾಗದೆ ಮಲಗೋ ಜೊತೆಯಲ್ಲೇ ಹೊರಟುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದೂ ಒದ್ದೆ. ಆಮೇಲೆ ರಾತ್ರಿಗೆ ಏನಿದೆ? ಬೆಳಿಗ್ಗೆ ನಿನ್ನೆಯ ಕಾಲುಚೀಲ ಹಿಂಡಿ, ಅದೇ ಒದ್ದೆಯದನ್ನೇ ಹಾಕಿಕೊಳ್ಳಿ. ಹತ್ತು ನಿಮಿಷ ನಡೆದರೆ ಕಾಲು ತಾನಾಗಿ ಬಿಸಿಯಾಗುತ್ತದೆ.

ಸ್ಯಾಕ್ ತುಂಬೋದು ಇದರ ಮುಂದೆ ಸುಲಭ. 50-60 ಲೀಟರಿನದು ಸಾಕು, ತುಂಬಿದ ಮೇಲೆ ನಿಮ್ಮ ಮೈತೂಕದ ಐದನೇ ಒಂದು ಪಾಲು ಮೀರಬಾರದು. ಒಣ ಗಂಟು ತಳದಲ್ಲಿ, ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡು ಹೆಗಲಿನ ಎಲುಬುಗಳ ನಡುವೆ, ಹಗುರದ್ದು ಹೊರಗಡೆ. ಭಾರ ಬೆನ್ನಿನಿಂದ ದೂರವಾದರೆ ಹಿಂದಕ್ಕೆ ಜಗ್ಗುತ್ತದೆ, ಅದನ್ನು ತಡೆಯಲು ಮುಂದಕ್ಕೆ ಬಾಗಿ ಬಾಗಿ ಸೊಂಟ ಹೋಗುತ್ತದೆ. ಪೊಂಚೊ ಎಲ್ಲಕ್ಕಿಂತ ಮೇಲೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಅದನ್ನು ಮೊದಲು ಬಿಗಿದು ಆಮೇಲೆ ಹೆಗಲಿನ ಪಟ್ಟಿ ಎಳೆಯಿರಿ. ಹೊರಡುವ ವಾರ ತುಂಬಿದ ಸ್ಯಾಕ್ ಹೊತ್ತು ಪುಣೆಯ ಪರ್ವತಿ ಗುಡ್ಡದ 103 ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದರೆ ಬೇಡದ ಸಾಮಾನು ಯಾವುದು ಎಂದು ಹೆಗಲೇ ಹೇಳುತ್ತದೆ.

ಬೂಟಿನ ಬಗ್ಗೆ ಬೈಯದೆ ಇರಲು ಆಗೋದಿಲ್ಲ. ಹೊಸ ಬೂಟು ಹಾಕಿಕೊಂಡು ನೇರ ರೈಲು ಹತ್ತುತ್ತಾರೆ. ಕನಿಷ್ಠ ಮೂರು ವಾರ ಊರಲ್ಲೇ ಹಾಕಿ ತಿರುಗಿ, ನಮ್ಮೂರ ವೇತಾಳ ಟೇಕಡಿ ಗುಡ್ಡ ಏತಕ್ಕಿದೆ? ಕೊಳ್ಳುವಾಗ ಸಂಜೆ ಹೋಗಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿ, ಬೆರಳನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ತೋರುಬೆರಳು ಇಳಿಯಬೇಕು. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಉಗುರನ್ನು ಹೊರಡುವ ಮೂರು ದಿನ ಮೊದಲೇ ಕತ್ತರಿಸಿ, ಹಿಂದಿನ ರಾತ್ರಿ ಅಲ್ಲ. ಇನ್ನೊಂದು ಮೋಸ ಕಪಾಟಿನಲ್ಲಿ ನಾಲ್ಕೈದು ಮಳೆಗಾಲ ಮಲಗಿದ ಬೂಟು. ನೋಡಲು ಹೊಸದೇ. ನಮ್ಮ ಮಳೆಗಾಲದ ತೇವ ಪಾಲಿಯುರಿಥೇನ್ ಅಟ್ಟೆಯನ್ನು ಒಳಗಿಂದಲೇ ತಿಂದು, ಎರಡನೇ ದಿನಕ್ಕೆ ಅದು ಹಳೆ ಬಿಸ್ಕೀಟಿನಂತೆ ಪುಡಿಯಾಗಿ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಬದಿ ಒತ್ತಿ, ಬೂಟನ್ನು ಎರಡೂ ಕೈಯಲ್ಲಿ ಬಗ್ಗಿಸಿ. ಸಣ್ಣ ಬಿರುಕು ಕಂಡರೂ ಬಿಡಿ. ಹಿಮ್ಮಡಿ ಬಿಸಿಯಾಯಿತು ಅನಿಸಿದ ಕೂಡಲೇ ನಿಂತು ಪಟ್ಟಿ ಅಂಟಿಸಿ, ಗುಳ್ಳೆ ಎದ್ದ ಮೇಲೆ ಅಂಟಿಸಿ ಏನೂ ಬರೋದಿಲ್ಲ.

ಸಣ್ಣಪುಟ್ಟದ್ದು ಕೆಲವು. ಟಾರ್ಚಿನಲ್ಲಿ ಒಂದು ಸೆಲ್ ತಿರುಗಿಸಿಡಿ, ಸ್ಯಾಕಿನೊಳಗೆ ತಾನೇ ಹತ್ತಿಕೊಂಡು ಖಾಲಿಯಾಗೋದಿಲ್ಲ. ಚಳಿಗೆ ಬ್ಯಾಟರಿ ಸೋಲುತ್ತದೆ, ರಾತ್ರಿ ಮೊಬೈಲನ್ನೂ ಸೆಲ್ಲನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಕಪ್ಪು ಕನ್ನಡಕ ಚಂದಕ್ಕಲ್ಲ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮುಖಕ್ಕೇ ಎಸೆಯುತ್ತದೆ, ಸಂಜೆ ಕಣ್ಣಿಗೆ ಮರಳು ಬಿದ್ದಂತಾಗಿ ತೆರೆಯಲಾಗೋದಿಲ್ಲ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ. ಹೆಣ್ಣುಮಕ್ಕಳು ಮುಟ್ಟಿನ ದಿನ ಅಲ್ಲದಿದ್ದರೂ ಪ್ಯಾಡು ಇಟ್ಟುಕೊಳ್ಳಿ, ಎತ್ತರಕ್ಕೆ, ಆಯಾಸಕ್ಕೆ ದಿನ ಹಿಂದೆಮುಂದೆ ಆಗಬಹುದು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ, ಗಟ್ಟಿ ಪಿಶವಿಯಲ್ಲಿ ಹಾಕಿ ಕೆಳಗೇ ತರಬೇಕು, ಕಲ್ಲಿನ ಸಂದಿಯಲ್ಲಿ ತುರುಕಬಾರದು.

ಬುತ್ತಿಯ ಮಾತು ಬಂದರೆ ಕಟಕ ರೊಟ್ಟಿಗಿಂತ ಒಳ್ಳೆಯದಿಲ್ಲ, ಆದರೆ ಇವತ್ತಿನವರ ರೊಟ್ಟಿ ಮೂರನೇ ದಿನಕ್ಕೆ ಮೆತ್ತಗಾಗುತ್ತದೆ. ಹಂಚಿನಿಂದ ತೆಗೆದದ್ದನ್ನೇ ಡಬ್ಬಿಗೆ ಹಾಕುತ್ತಾರೆ. ಒಲೆಯ ಪಕ್ಕ ನಿಲ್ಲಿಸಿ ಪೂರ್ತಿ ಆರಿಸಿ, ತಟ್ಟಿದರೆ ಟಣ್ ಅನ್ನಬೇಕು. ಎರಡು ಸ್ಟೀಲ್ ತಾಟಿನ ನಡುವೆ ಜೋಡಿಸಿ, ಪಂಜೆಯಲ್ಲಿ ಬಿಗಿದು ಕಟ್ಟಿದರೆ ಒಡೆಯೋದಿಲ್ಲ. ಜೊತೆಗೆ ಗುರೆಳ್ಳು ಚಟ್ನಿ. ಶೇಂಗಾ ಚಟ್ನಿಯ ಎಣ್ಣೆ ರೈಲಿನ ಬಿಸಿಗೆ ಬಿಟ್ಟುಕೊಂಡು ಅರಿವೆಗೆ ಇಳಿಯುತ್ತದೆ.

ಬಂದ ದಿನವೇ ಸ್ಯಾಕನ್ನು ಮೂಲೆಗೆ ಎಸೆಯಬೇಡಿ. ಸ್ವೆಟರನ್ನು ಅಂಟುವಾಳದ ನೊರೆಯ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ತಿಕ್ಕಬೇಡಿ, ನೇತುಹಾಕಬೇಡಿ, ಹಳೆಯ ಕೌದಿಯ ಮೇಲೆ ಹರಡಿ. ಪೊಂಚೊ ನೆರಳಲ್ಲಿ ಒಣಗಲಿ. ಬೂಟಿನ ಒಳಗೆ ಪೇಪರ್ ಉಂಡೆ ತುಂಬಿ ದಿನಕ್ಕೆರಡು ಸಲ ಬದಲಿಸಿ, ಗ್ಯಾಸಿನ ಹತ್ತಿರವಾಗಲೀ ಬಿಸಿಲಲ್ಲಾಗಲೀ ಇಡಬೇಡಿ, ಅಂಟು ಬಿಡುತ್ತದೆ. ಗಂಟಿನ ಪಿಶವಿಗಳನ್ನು ಒಳಮೈ ಹೊರಮಾಡಿ ಹಗ್ಗಕ್ಕೆ ಸಿಕ್ಕಿಸಿ, ಒಣಗಿದ ಮೇಲೆ ಉಂಗುರಗಳನ್ನೂ ಒಳಗೆ ಹಾಕಿ ಸ್ಯಾಕಿನಲ್ಲೇ ಇಟ್ಟುಬಿಡಿ, ಮುಂದಿನ ಮೇ ತಿಂಗಳಿಗೆ ಹುಡುಕಬೇಕಾಗೋದಿಲ್ಲ.