ಇಲ್ಲದ ಪ್ಯಾನೆಲ್‌ಗೆ ಹೋಗುತ್ತಿದ್ದ ಚಿತ್ರ: ಹಳೆಯ ಆಟಮ್ ಬೋರ್ಡಿನಲ್ಲಿ ಡೆಬಿಯನ್ (ನನ್ನ ಅನುಭವ)

“ಗ್ರಾಫಿಕ್ಸ್ ಹೋಗಿದೆ, ಗುಜರಿಗೆ ಹಾಕಿ” ಎಂದವರೇ ಹೆಚ್ಚು. ಅದೇ ಡಿ525 ಆಟಮ್ (ಇಂಟೆಲ್‌ನ ಹಳೆಯ ಪ್ರೊಸೆಸರ್) ಬೋರ್ಡಿನ ಹತ್ತು ಹನ್ನೆರಡು ಯಂತ್ರಗಳು ಕಡೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಈಗ ಲಿನಕ್ಸ್‌ನ ಡೆಬಿಯನ್ 12, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹೊತ್ತು ದಿನವಿಡೀ ಓಡುತ್ತಿವೆ.

ಪಠ್ಯ ಇನ್‌ಸ್ಟಾಲರ್ ಸಲೀಸಾಗಿ ಮುಗಿಯುತ್ತಿತ್ತು. ರೀಬೂಟ್ ಆದ ಮೇಲೆ ಕರ್ನಲ್ ಸಾಲುಗಳು ಓಡಿ, ಲಾಗಿನ್ ಬರುವ ಹೊತ್ತಿಗೆ ಪರದೆ ಕಪ್ಪು. ಮೌಸ್ ಬಾಣ ಮಾತ್ರ ಅಲ್ಲಾಡುತ್ತಿತ್ತು. ಬೂಟ್ ಸಾಲಿಗೆ ನೋಮೋಡ್‌ಸೆಟ್ (ಗ್ರಾಫಿಕ್ಸ್ ಡ್ರೈವರ್ ಏಳದಂತೆ ತಡೆಯುವ ಆಯ್ಕೆ) ಹಾಕಿದರೆ ಚಿತ್ರ ಬರುತ್ತದೆ, ನಿಜ. ಬಹಳಷ್ಟು ಮಂದಿ ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಏಳುವುದೇ ಇಲ್ಲ, ವಿಂಡೋ ಎಳೆದರೆ ತೆವಳುತ್ತದೆ, 1024x768 ಚಿತ್ರ ಅಗಲ ಪರದೆಗೆ ಹಿಗ್ಗಿ ಒತ್ತಕ್ಷರಗಳು ಮಸುಕಾಗುತ್ತವೆ. ಮಕ್ಕಳು ಕನ್ನಡ ಟೈಪಿಂಗ್ ಕಲಿಯುವ ಯಂತ್ರಕ್ಕೆ ಇದು ಸಾಲದು.

ರ‍್ಯಾಮ್ ಬದಲಿಸಿ ನೋಡಿದೆ, ಬಯೋಸ್ ಹೊಸದು ಹಾಕಿದೆ. ಸೆಕೆಂಡ್ ಹ್ಯಾಂಡ್ ಪಿಸಿಐ ಕಾರ್ಡಿಗೆ ಏಳುನೂರು ರೂಪಾಯಿಯೋ ಏನೋ ಸುರಿದೆ, ಉಪಯೋಗವಾಗಲಿಲ್ಲ. ಕೊನೆಗೆ ಪಕ್ಕದ ಯಂತ್ರದಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನಿಂದ ದೂರದ ಲಾಗಿನ್) ಮೂಲಕ ಒಳಹೊಕ್ಕು, ಯಾವ ಪರದೆ ಜೋಡಿಸಿದೆ ಎಂದು ತೋರಿಸುವ, ಸಿಸ್ ಅಡಿಯ ಡಿಆರ್‌ಎಂ ಫೋಲ್ಡರ್ ನೋಡಿದಾಗ ಗುಟ್ಟು ರಟ್ಟಾಯಿತು. ಮಾನಿಟರ್ ಇರುವುದು ವಿಜಿಎಯಲ್ಲಿ. ಆದರೆ ಎಲ್‌ವಿಡಿಎಸ್-1 (ಲ್ಯಾಪ್‌ಟಾಪ್ ಪರದೆಯ ಕನೆಕ್ಟರ್) ಕೂಡ ‘ಕನೆಕ್ಟೆಡ್’! ಇಲ್ಲದ ಲ್ಯಾಪ್‌ಟಾಪ್ ಪ್ಯಾನೆಲ್ ಇದೆಯೆಂದು ಬಯೋಸ್ ಹೇಳುತ್ತಿತ್ತು, ಲಾಗಿನ್ ಪೆಟ್ಟಿಗೆ ಅಲ್ಲಿಗೆ ಹೋಗುತ್ತಿತ್ತು. ನೋಮೋಡ್‌ಸೆಟ್ ಕಿತ್ತು, ಬೂಟ್ ಲೋಡರ್ ಆದ ಗ್ರಬ್‌ನಲ್ಲಿ ‘ವಿಡಿಯೋ=ಎಲ್‌ವಿಡಿಎಸ್-1:ಡಿ’ (video=LVDS-1:d, ಅಂದರೆ ಆ ಕನೆಕ್ಟರ್ ಬಂದ್) ಸೇರಿಸಿ ಅಪ್‌ಡೇಟ್-ಗ್ರಬ್ ಕೊಟ್ಟೆ. ಅಷ್ಟೇ.

ಖರ್ಚು ಯಂತ್ರವೊಂದಕ್ಕೆ ಸಾವಿರದೈನೂರರ ಆಸುಪಾಸು: ಎಸ್‌ಎಸ್‌ಡಿ, ಸಿಮಾಸ್ ಸೆಲ್, ಕೇಬಲ್. ಹೊಸದಕ್ಕೆ ಶಾಲೆಗೆ ಬಂದಿದ್ದ ಕೊಟೇಶನ್ ತಲಾ ಇಪ್ಪತ್ತೈದು ಸಾವಿರದ ಹತ್ತಿರ.

ಕೇಬಲ್ ಏಕೆಂದರೆ, ಮೂರ್ನಾಲ್ಕು ಮಾನಿಟರ್‌ಗಳು ಆಮೇಲೂ 1024ರಲ್ಲೇ ನಿಂತಿದ್ದವು. ಅಗ್ಗದ ವಿಜಿಎ ಕೇಬಲ್‌ಗಳಲ್ಲಿ 12 ಮತ್ತು 15ನೇ ಪಿನ್‌ಗೆ ತಂತಿಯೇ ಇರಲಿಲ್ಲ. ಮಾನಿಟರ್ ತನ್ನ ಅಳತೆ ಹೇಳುವ ಇಡಿಐಡಿ ಮಾಹಿತಿ ಬರುವುದೇ ಆ ಪಿನ್‌ಗಳಲ್ಲಿ, ಯಂತ್ರ ಅದನ್ನು ಹೇಗೆ ಓದಬೇಕು? ನೂರೈವತ್ತರ ಕೇಬಲ್ ಹಾಕಿದೊಡನೆ 1366x768 ತಾನಾಗಿ ಬಂತು.

ಒಂದು ಮಾನಿಟರಿನಲ್ಲಿ ಇಡಿಐಡಿ ಚಿಪ್ಪೇ ಸತ್ತಿತ್ತು. ಪರದೆಯ ಅಂಕಿಗಳನ್ನು ಲೆಕ್ಕ ಹಾಕುವ ಸಿವಿಟಿ ಕಮಾಂಡಿಗೆ 1366 ಕೊಟ್ಟರೆ ಅದು 1368 ಮಾಡುತ್ತದೆ, ಏಕೆಂದರೆ ಅಗಲ ಎಂಟರಿಂದ ಭಾಗವಾಗಬೇಕು. ಚಿತ್ರ ಪಕ್ಕಕ್ಕೆ ಸರಿದು ಅಂಚು ಕತ್ತರಿಸಿತು. ನಾನು ಕೈಯಲ್ಲೇ ಮಾಡ್‌ಲೈನ್ (ಪರದೆಯ ಅಳತೆ, ವೇಗದ ಅಂಕಿಗಳ ಸಾಲು) ಕೂಡಿಸಿ ಸರಿಪಡಿಸಿದೆ. ಆ ಅಂಕಿಗಳು ನನ್ನಲ್ಲೇ ಇರಲಿ. ಎಕ್ಸ್‌ರ‍್ಯಾಂಡ್‌ಆರ್‌ನ ನ್ಯೂಮೋಡ್ (ಹೊಸ ಪರದೆ ಅಳತೆ ಸೇರಿಸುವ ಆಯ್ಕೆ) ಹಿಡಿದು ಒಂದು ಸಂಜೆ ಕುಳಿತರೆ ನಿಮಗೂ ಸಿಗುತ್ತವೆ.