ಗೋಡೆಯೊಳಗೆ ಹೋಗುವುದು ಅಂಗಡಿಯಿಂದ, ಗೋಡೆಯ ಮೇಲೆ ಕೂರುವುದು ಆನ್‌ಲೈನಿಂದ

ಆನ್‌ಲೈನಲ್ಲಿ ಸಾಮಾನು ತರಿಸಬಹುದಾ ಅಂತ ಮನೆ ರಿಪೇರಿ ಮಾಡಿಸುವವರು ಕೇಳಿದರೆ ನನ್ನ ಕಸುಬಿನವರು ಬಹಳ ಜನ ಥಟ್ಟನೆ "ಬ್ಯಾಡ್ರೀ, ಡೂಪ್ಲಿಕೇಟ್ ಬರ್ತಾವು" ಅಂತಾರೆ. ಆ ಮಾತಿನಲ್ಲಿ ಅರ್ಧ ನಿಮ್ಮ ಹಿತ, ಇನ್ನರ್ಧ ನಮ್ಮ ಹಿತ. ನಾನು ದಾವಣಗೆರೆಯಲ್ಲಿ ವೈರಿಂಗ್, ಪ್ಲಂಬಿಂಗ್ ಎರಡೂ ಕೆಲಸ ಹಿಡಿದು ಮಾಡಿಸುವವನು. ಹೊಸ ಮನೆಗಿಂತ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ಕೆ.ಟಿ.ಜೆ. ನಗರದ ಕಡೆಯ ಹಳೇ ಮನೆಗಳ ರಿಪೇರಿಯೇ ನನಗೆ ಜಾಸ್ತಿ.

ನಮ್ಮ ಹಿತದ ಅರ್ಧ ಮೊದಲು ಹೇಳಿಬಿಡುತ್ತೇನೆ. ನಾವು ಕರೆದುಕೊಂಡು ಹೋದ ಗಿರಾಕಿ ಅಂಗಡಿಯಲ್ಲಿ ಮಾಲು ತೆಗೆದುಕೊಂಡರೆ ನಮಗೆ ಕಮಿಷನ್ ಉಂಟು. ಕೆಲವು ವೈರ್, ಪೈಪು, ಅಂಟಿನ ಡಬ್ಬಿಗಳೊಳಗೆ ಕಂಪನಿಯೇ ಕೂಪನ್ ಇಟ್ಟಿರುತ್ತದೆ, ಮೊಬೈಲಲ್ಲಿ ಸ್ಕ್ಯಾನ್ ಮಾಡಿದರೆ ಪಾಯಿಂಟ್ ಬೀಳುತ್ತದೆ. ಯಜಮಾನರು ಆನ್‌ಲೈನಲ್ಲಿ ತರಿಸಿದರೆ ಕಮಿಷನ್ ಹೋಯಿತು, ಡಬ್ಬಿ ಅವರ ಕೈಯಲ್ಲೇ ಒಡೆಯುವುದರಿಂದ ಕೂಪನ್ನೂ ಹೋಯಿತು. ಮೇಸ್ತ್ರಿ ಮುಖ ಗಂಟಿಕ್ಕಿದರೆ ಅದರ ಹಿಂದೆ ಇದೂ ಇರಬಹುದು ಅಂತ ತಿಳಿದಿರಲಿ. ನಾನು ಈಗ ಕೂಲಿಯನ್ನು ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಸ್ವಿಚ್ಚೋ ನಲ್ಲಿಯೋ ಕೂರುವ ಒಂದೊಂದು ಜಾಗಕ್ಕೆ ಇಷ್ಟು ಅಂತ ಬೇರೆ ಹೇಳುತ್ತೇನೆ, ಮಾಲಿನ ದುಡ್ಡನ್ನು ಯಜಮಾನರೇ ಅಂಗಡಿಗೆ ಕಟ್ಟಲಿ ಅನ್ನುತ್ತೇನೆ. ಕೂಪನ್ ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ, ಅದನ್ನೂ ಹೇಳಿಯೇ.

ಇನ್ನು ನಿಮ್ಮ ಹಿತದ ಅರ್ಧ. ಬಾತ್‌ರೂಮಿನ ಗೋಡೆ ಕೊರೆದು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಲೈನ್ ಎಳೆಯುವಾಗ ನೂರು ಚಿಲ್ಲರೆ ರೂಪಾಯಿಯ ಒಂದು ಬ್ರಾಸ್ ಎಲ್ಬೋ, ಅಂದರೆ ಪೈಪು ತಿರುಗಿಸುವ ಹಿತ್ತಾಳೆ ಮೂಲೆ, ಕಡಿಮೆ ಬಿತ್ತು ಅನ್ನಿ. ಪಿ.ಬಿ. ರಸ್ತೆಯ ಅಂಗಡಿಗೆ ಹುಡುಗನನ್ನು ಗಾಡಿ ಕೊಟ್ಟು ಕಳಿಸಿದರೆ ಚಾ ಕುಡಿಯುವಷ್ಟರಲ್ಲಿ ತರುತ್ತಾನೆ. ದುಡ್ಡು ಆಮೇಲೆ, ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದೇ ಎಲ್ಬೋ ಮೊಬೈಲಲ್ಲಿ ಹತ್ತು ರೂಪಾಯಿ ಅಗ್ಗ ಇರಬಹುದು, ಆದರೆ ಅದು ಬರುವ ತನಕ ಇಬ್ಬರು ಆಳು ಮಂಡಕ್ಕಿ ಮಿರ್ಚಿ ತಿಂದುಕೊಂಡು ಕೂತಿರುತ್ತಾರೆ, ಕೂಲಿ ನಿಮ್ಮ ತಲೆ ಮೇಲೆ. ಕೆಲಸ ಮುಗಿದ ಮೇಲೆ ಉಳಿದ ಪೈಪು ಜೋಡಿಸುವ ಟೀ, ಕಪ್ಲಿಂಗ್, ಒಡೆಯದ ವೈರ್ ಕಾಯಿಲ್‌ಗಳನ್ನು ಒಂದು ಚೀಲಕ್ಕೆ ಹಾಕಿ ಕೊಟ್ಟರೆ ಅಂಗಡಿಯವರು ಲೆಕ್ಕದಲ್ಲಿ ಕಳೆಯುತ್ತಾರೆ. ರಿಪೇರಿ ಕೆಲಸದಲ್ಲಿ ಇದು ದೊಡ್ಡ ಮಾತು. ಹಳೇ ಗೋಡೆ ಬಿಚ್ಚುವ ತನಕ ಒಳಗೆ ಎಷ್ಟು ಪೈಪು ಕೊಳೆತಿದೆ, ಎಷ್ಟು ಅಲ್ಯೂಮಿನಿಯಂ ವೈರ್ ಬದಲಾಯಿಸಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಪಟ್ಟಿ ದಿನಕ್ಕೊಂದು ಬಣ್ಣ ತಾಳುತ್ತದೆ.

ಹೀಗೆ ಮಾಡಿ ಮಾಡಿ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಗೋಡೆಯೊಳಗೆ, ನೆಲದೊಳಗೆ ಹೂತು ಹೋಗುವ ಮಾಲು ಊರಿನ ಅಂಗಡಿಯಿಂದ. ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಮಾಲು ಎಲ್ಲಿಂದಾದರೂ ಸರಿ.

ವೈರ್ ವಿಷಯದಲ್ಲಿ ನನ್ನದು ಹಟವೇ. ಗೋಡೆಯೊಳಗೆ ಹೋದ ವೈರ್ ಇನ್ನು ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರೂ ಪೇಟೆಯಲ್ಲಿ ಓಡಾಡುತ್ತದೆ, ಹೊರಗಿಂದ ನೋಡಿದರೆ ಥೇಟ್ ತಾಮ್ರವೇ. ನಾನು ಮಾಡುವ ಪರೀಕ್ಷೆ ಸುಲಭದ್ದು, ಒಂದು ತೂಕದ ಕಾಟಾ ಇದ್ದರೆ ಆಯಿತು. 2.5 ಚದರ ಮಿಲಿಮೀಟರಿನ 90 ಮೀಟರ್ ಕಾಯಿಲ್ ಅಂದರೆ ಲೆಕ್ಕದ ಪ್ರಕಾರ 225 ಘನ ಸೆಂಟಿಮೀಟರ್ ತಾಮ್ರ, ಘನ ಸೆಂಟಿಮೀಟರಿಗೆ 8.9 ಗ್ರಾಂ ಹಿಡಿದರೆ ಹತ್ತಿರ ಹತ್ತಿರ ಎರಡು ಕೆ.ಜಿ. ತಯಾರಿಯಲ್ಲಿ ಸ್ವಲ್ಪ ಹಿಡಿತ ಮಾಡಿರುತ್ತಾರೆ ಅಂದುಕೊಂಡರೂ ಬರೀ ತಾಮ್ರವೇ ಒಂದೂಮುಕ್ಕಾಲು ಕೆ.ಜಿ.ಗೆ ಇಳಿಯಬಾರದು, ಅದರ ಮೇಲೆ ಪಿವಿಸಿ ತೂಕ ಬೇರೆ. ಇಡೀ ಕಾಯಿಲ್ಲೇ ಎರಡು ಕೆ.ಜಿ. ತೂಗದಿದ್ದರೆ ಅದನ್ನು ಮನೆಯೊಳಗೆ ತರಬೇಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಮುಗಿಯಿತು. ಆನ್‌ಲೈನಿನ ವೈರನ್ನೂ ಹೀಗೇ ತೂಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲೇ ತೂಗಿಸುತ್ತೇನೆ. ತೂಗಲು ಒಪ್ಪದ ಅಂಗಡಿಯವರಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತೇನೆ.

ಇನ್ನೊಂದು ಪರೀಕ್ಷೆ ಎರಡು ಕಡೆಗೂ ಆಗುತ್ತದೆ. ವೈರ್, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್), ಸ್ವಿಚ್, ಗೀಸರ್ ಇವುಗಳ ಮೇಲೆ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್. ಅದರ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಾರ್ಖಾನೆ, ಯಾವ ಮಾಲಿಗೆ ಲೈಸೆನ್ಸ್, ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಎಲ್‌ಇಡಿ ಬಲ್ಬು, ಅಡಾಪ್ಟರ್ ಮುಂತಾದವಕ್ಕೆ ಆರ್ ಅಕ್ಷರದ ಮುಂದೆ ಎಂಟಂಕಿಯ ನಂಬರ್. ಗುರುತು ಮಾತ್ರ ಅಚ್ಚಾಗಿ ನಂಬರೇ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. 2025ರ ಮಾರ್ಚಿನಲ್ಲಿ ಬಿಐಎಸ್ ಅಧಿಕಾರಿಗಳು ದೊಡ್ಡ ಆನ್‌ಲೈನ್ ಕಂಪನಿಗಳ ಗೋದಾಮುಗಳನ್ನೇ ಶೋಧಿಸಿ, ಸರಿಯಾದ ಗುರುತಿಲ್ಲದ ಗೀಸರ್, ಮಿಕ್ಸರ್‌ನಂಥ ಸಾವಿರಾರು ಮಾಲುಗಳನ್ನು ಹಿಡಿದಿದ್ದರು. ಹಾಗಂತ ಅಂಗಡಿಯವರೆಲ್ಲ ಸತ್ಯಹರಿಶ್ಚಂದ್ರರೂ ಅಲ್ಲ. ನಕಲಿ ಎಂಸಿಬಿಯನ್ನು ನಾನು ಎರಡೂ ಕಡೆ ಕಂಡಿದ್ದೇನೆ.

ಬಾತ್‌ರೂಮಿನ ವಿಷಯಕ್ಕೆ ಬಂದರೆ ಒಂದು ಮನೆಯ ಕತೆ ಹೇಳಲೇಬೇಕು. ರಿಟೈರ್ ಆದ ಮೇಷ್ಟ್ರ ಮನೆ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ದಸರಾ ಆಫರ್ ಬಂದಾಗ ಕಮೋಡು, ನಲ್ಲಿ, ಶವರು, ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರು ಎಲ್ಲ ಅಲ್ಲಿಂದಲೇ ಆರ್ಡರ್ ಮಾಡಿ ಅಪ್ಪನ ವಿಳಾಸಕ್ಕೆ ಕಳಿಸಿದ್ದ. ನಾವು ಫಿಟ್ಟಿಂಗಿಗೆ ಹೋದಾಗ ಸಂಕ್ರಾಂತಿ ದಾಟಿತ್ತು. "ಏನಪಾ, ಹುಡುಗ ಎಲ್ಲಾ ತರಿಸ್ಯಾನೆ, ನೀನು ಕುಂಡ್ರಿಸಿಬಿಡು ಅಷ್ಟೆ" ಅಂದರು ಮೇಷ್ಟ್ರು. ಡಬ್ಬ ಬಿಚ್ಚಿದರೆ ಕಮೋಡು ಪಿ ಟ್ರ್ಯಾಪಿನದು, ಅಂದರೆ ಹಿಂದಿನ ಗೋಡೆಯೊಳಕ್ಕೆ ಹೋಗುವಂಥದ್ದು. ಆ ಹಳೇ ಮನೆಯಲ್ಲಿ ಲೈನ್ ನೆಲದೊಳಗಿತ್ತು, ಅದಕ್ಕೆ ಎಸ್ ಟ್ರ್ಯಾಪ್ ಬೇಕು.

"ಮೇಷ್ಟ್ರೇ, ಇದು ಈ ಮನೆಗೆ ಕೂರಲ್ರೀ."

"ಫೋಟೋದಾಗ ಸರಿ ಐತಲ್ಲೋ!"

ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವಾಪಸ್ ಕೊಡುವ ಗಡುವು ಯಾವಾಗಲೋ ಮುಗಿದಿತ್ತು. ಕೊನೆಗೆ ಮೇಲಿನ ಮನೆಯ ಬಾತ್‌ರೂಮಿಗೆ ಹೊಸ ಲೈನ್ ಎಳೆಯುವುದಿತ್ತಲ್ಲ, ಅಲ್ಲಿಗೆ ಅದನ್ನು ಹೊಂದಿಸಿದೆವು. ಕೆಳಗಿನದಕ್ಕೆ ಬೇರೆ ತಂದೆವು.

ಕಮೋಡು ಆನ್‌ಲೈನಲ್ಲಿ ತಗೊಳ್ಳಲೇಬೇಕು ಅನ್ನುವವರಿಗೆ: ಟೈಲ್ಸ್ ಆದ ಮೇಲಿನ ಗೋಡೆಯಿಂದ ನೆಲದ ಪೈಪಿನ ನಟ್ಟನಡುವಿಗೆ ಅಳೆಯಿರಿ. 9 ಇಂಚು ಅಥವಾ 12 ಇಂಚು ಬಂದರೆ 225 ಅಥವಾ 300 ಮಿ.ಮೀ. ಅಂತ ಬರೆದ ಎಸ್ ಟ್ರ್ಯಾಪ್ ಮಾಡೆಲ್ ಸಿಗುತ್ತದೆ. ಟೈಲ್ಸ್ ಇನ್ನೂ ಹಾಕಿಲ್ಲದಿದ್ದರೆ ಗಾರೆ ಮತ್ತು ಟೈಲ್ಸಿನ ದಪ್ಪ ಕಳೆದು ಲೆಕ್ಕ ಹಿಡಿಯಿರಿ. ಹಳೇ ಇಂಡಿಯನ್ ಸೀಟು ಕಿತ್ತ ಜಾಗದಲ್ಲಿ ಈ ಎರಡೂ ಅಳತೆ ಬಾರದೆ ನಡುವೆ ಎಲ್ಲೋ ಬರುವುದೇ ಹೆಚ್ಚು. ಅಂಥ ಕಡೆ ಮೇಸ್ತ್ರಿ ಬಂದು ನೋಡದೆ ದುಡ್ಡು ಕಟ್ಟಬೇಡಿ.

ಅದೇ ಪಾರ್ಸಲಿನಲ್ಲಿ ಬಂದಿದ್ದ ಡೈವರ್ಟರಿನ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನವಿತ್ತು. ಅದರ ಹಿತ್ತಾಳೆಯ ಒಡಲು ಗೋಡೆಯೊಳಗೆ ಹೂತು ಮೇಲೆ ಟೈಲ್ಸ್ ಬೀಳುತ್ತದೆ. ಸೋರಿದರೆ ಟೈಲ್ಸ್ ಒಡೆಯದೆ ದಾರಿಯಿಲ್ಲ, ಅದೇ ಡಿಸೈನಿನ ಟೈಲ್ಸ್ ಆಗ ಸಿಗುವುದೂ ಇಲ್ಲ. ಹಾಗಾಗಿ ಒಳಗೆ ಹೋಗುವ ಒಡಲನ್ನು, ಸ್ಪೇರ್ ಇಟ್ಟಿರುವ ಡೀಲರ್ ಊರಲ್ಲೇ ಇರುವ ಕಂಪನಿಯದ್ದೇ ಹಾಕಿಸುತ್ತೇನೆ. ಮೇಲಿನ ಹಿಡಿಕೆ, ಪ್ಲೇಟು ಬೇರೆ ಕಂಪನಿಯದ್ದು ಕೂರುವುದಿಲ್ಲ ಅನ್ನುವುದು ತುಂಬ ಜನರಿಗೆ ಗೊತ್ತಿಲ್ಲ. ಮಾಡ್ಯುಲರ್ ಸ್ವಿಚ್ಚಿನದೂ ಅದೇ ಕತೆ: ಒಂದು ಕಂಪನಿಯ ಪ್ಲೇಟಿಗೆ ಇನ್ನೊಂದು ಕಂಪನಿಯ ಸ್ವಿಚ್ ಹತ್ತುವುದಿಲ್ಲ.

ಆಫರಿನ ಆಸೆಗೆ ಮೊದಲೇ ತೆಗೆದಿಡುವುದು ಅಂಥಾ ಲಾಭವಲ್ಲ ಅಂತ ನನಗೆ ಮನದಟ್ಟಾಗಿದ್ದು ಇಂಥ ಮನೆಗಳಲ್ಲೇ. ರಿಟರ್ನ್ ಗಡುವು ಏಳು, ಹತ್ತು ದಿನ. ವಾರಂಟಿ ಓಡಲು ಶುರುವಾಗುವುದು ಬಿಲ್ಲಿನ ತಾರೀಖಿನಿಂದ. ನಲ್ಲಿ ಕೂರುವುದು ಬಣ್ಣ ಬಳಿಯುವ ಹೊತ್ತಿಗೆ, ಆರು ತಿಂಗಳ ಮೇಲೆ. ನಲ್ಲಿಯ ದೋಷ ತಿಳಿಯುವುದು ನೀರು ಬಿಟ್ಟಾಗ ಮಾತ್ರ.

ಟೈಲ್ಸ್ ಬಗ್ಗೆ ಉದ್ದ ಮಾತಿಲ್ಲ. ಎಲ್ಲ ಡಬ್ಬಿಗಳ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇರಬೇಕು, ಒಡೆಯುವುದಕ್ಕೆ ಅಂತ ಸ್ವಲ್ಪ ಜಾಸ್ತಿ ತಂದಿಟ್ಟುಕೊಳ್ಳಬೇಕು. ಇದನ್ನು ಕಣ್ಣಾರೆ ನೋಡಿ ತರುವುದೇ ವಾಸಿ. ಇನ್ವರ್ಟರ್ ಬ್ಯಾಟರಿಯೂ ಹಾಗೇ: ಹಳೆಯದನ್ನು ಲೆಕ್ಕಕ್ಕೆ ಹಿಡಿದು, ಹೊತ್ತು ತಂದು ಕೂರಿಸಿ, ಕೆಟ್ಟರೆ ಎತ್ತಿಕೊಂಡು ಹೋಗುವವನು ಊರಲ್ಲೇ ಇರಲಿ.

ಹಾಗಾದರೆ ನಾನು ಆನ್‌ಲೈನಲ್ಲಿ ಏನೂ ಕೊಳ್ಳುವುದಿಲ್ಲವೇ? ನನ್ನ ಚೀಲದಲ್ಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬಂದದ್ದು. ಕ್ಲಾಂಪ್ ಮೀಟರ್, ಕ್ರಿಂಪಿಂಗ್ ಟೂಲ್, ಹೋಲ್ ಸಾ, ಲೇಸರ್ ಲೆವೆಲ್ ಇವೆಲ್ಲ ನಮ್ಮೂರಿನಲ್ಲಿ ಒಂದೋ ಎರಡೋ ಮಾಡೆಲ್ ಸಿಗುತ್ತವೆ, ಅಲ್ಲಿ ಇಪ್ಪತ್ತು. ಅದಕ್ಕಿಂತ ದೊಡ್ಡ ಉಪಕಾರ ಸ್ಪೇರ್ ಪಾರ್ಟ್ಸಿನದು. ಹಳೇ ಮಿಕ್ಸರ್ ನಲ್ಲಿಯ 35 ಅಥವಾ 40 ಮಿ.ಮೀ. ಕಾರ್ಟ್ರಿಜ್ (ಹಿಡಿಕೆಯ ಕೆಳಗೆ ನೀರು ಬಿಟ್ಟು ತಡೆಯುವ ಭಾಗ), ನಿಂತುಹೋದ ಮಾಡೆಲಿನ ಗ್ರೈಂಡರಿಗೆ ಕಾರ್ಬನ್ ಬ್ರಷ್, ಗೀಸರಿನ ಥರ್ಮೋಸ್ಟಾಟ್ ಇವಕ್ಕೆ ಮೊದಲು ಬೆಂಗಳೂರಿನ ಎಸ್.ಪಿ. ರೋಡಿಗೆ ಫೋನ್ ಹಚ್ಚಿ, ಗುರುತಿನವರ ಕೈಯಲ್ಲಿ ಬಸ್ಸಿಗೆ ಹಾಕಿಸಿ, ಬಸ್ ಸ್ಟ್ಯಾಂಡಿನಲ್ಲಿ ಕಾದು ತರಬೇಕಿತ್ತು. ಸ್ಪೇರ್ ಐವತ್ತು ರೂಪಾಯಿ, ಓಡಾಟ ಇನ್ನೂರು. ಈಗ ಹಳೆಯದರ ಫೋಟೋ ತೆಗೆದು, ಸ್ಕೇಲ್ ಇಟ್ಟು ಅಳೆದು ಆರ್ಡರ್ ಹಾಕಿದರೆ ಮನೆ ಬಾಗಿಲಿಗೆ. ನಮ್ಮ ಕಡೆ ಬೋರ್ ನೀರಿನ ಗಡಸಿಗೆ ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಒಳಗಿನ ಮೆಗ್ನೀಸಿಯಂ ಕಡ್ಡಿ ಸವೆದುಹೋಗುತ್ತದೆ. ಆ ಕಡ್ಡಿಯನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಆನ್‌ಲೈನಲ್ಲಿ ಅಳತೆಯ ಸಮೇತ ಸಿಗುತ್ತದೆ.

ಫ್ಯಾನೂ ಆನ್‌ಲೈನಿಗೆ ಒಗ್ಗುವ ಮಾಲು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ, ಹೋಲಿಸಿ ನೋಡಲು ಸುಲಭ. ಹಳೇ ಫ್ಯಾನ್ 75 ವ್ಯಾಟ್ ಆಸುಪಾಸು ತಿನ್ನುವ ಕಡೆ ಬಿಎಲ್‌ಡಿಸಿ ಅನ್ನುವ, ಕರೆಂಟು ಉಳಿಸುವ ಮೋಟಾರಿನ ರಿಮೋಟ್ ಫ್ಯಾನ್ 30ರ ಆಸುಪಾಸಿನಲ್ಲಿ ಓಡುತ್ತದೆ. ಆದರೆ ಕೂರಿಸುವಾಗ ಗೋಡೆಯ ಹಳೇ ರೆಗ್ಯುಲೇಟರನ್ನು ಬೈಪಾಸ್ ಮಾಡಬೇಕು. ಅದನ್ನು ಹಾಗೇ ಬಿಟ್ಟು, ರಿಮೋಟೂ ಅದೂ ಕಚ್ಚಾಡಿ, ಫ್ಯಾನೇ ಸರಿಯಿಲ್ಲ ಅಂತ ಬೈದುಕೊಂಡವರು ಬಹಳ ಜನ.

ಬೆಲೆ ಹೋಲಿಸುವಾಗ ಒಂದು ಸಣ್ಣ ಮೋಸವಿದೆ. ಅಂಗಡಿಯವರು ಹೇಳುವುದು ಎಷ್ಟೋ ಸಲ ಬಿಲ್ಲಿಲ್ಲದ ರೇಟು, ಮೊಬೈಲಲ್ಲಿ ಕಾಣುವುದು 18% ಜಿಎಸ್‌ಟಿ ಸೇರಿದ ರೇಟು. ಬಿಲ್ಲಿಲ್ಲದಿದ್ದರೆ ವಾರಂಟಿಯೂ ಇಲ್ಲ. "ಸಾವ್ಕಾರ್ರೇ, ಬಿಲ್ ಹಾಕಿ ಎಷ್ಟಾಗುತ್ತೆ ಹೇಳ್ರಿ" ಅಂತ ಕೇಳಿ, ಅದನ್ನು ಮೊಬೈಲಿನ ರೇಟಿನ ಪಕ್ಕ ಇಟ್ಟು ನೋಡಿ. ಇಡೀ ಮನೆಯ ಸ್ವಿಚ್ಚು, ವೈರು ಒಟ್ಟಿಗೆ ತೆಗೆದುಕೊಂಡರೆ ಎಂಆರ್‌ಪಿ ಮೇಲೆ ಅಂಗಡಿಯವರು ಬಿಡುವಷ್ಟು ಆನ್‌ಲೈನಲ್ಲಿ ಬಿಡುವುದನ್ನು ನಾನು ಕಂಡಿಲ್ಲ. ಒಂದೆರಡು ಬಿಡಿ ಮಾಲಿಗಾದರೆ ಆನ್‌ಲೈನೇ ಅಗ್ಗ.

ಬಿಲ್ ಯಾರ ಹೆಸರಲ್ಲಿ ಅನ್ನುವುದೂ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮರುಮಾರಾಟಕ್ಕೆ ಕೊಂಡವನು ಗ್ರಾಹಕ ಅನ್ನಿಸಿಕೊಳ್ಳುವುದಿಲ್ಲ. ನಾನು ನನ್ನ ಹೆಸರಲ್ಲಿ ನಲ್ಲಿ ತರಿಸಿ ನಿಮಗೆ ಮಾರಿದರೆ, ಅದು ಕೆಟ್ಟಾಗ ದೂರು ಕೊಡಲು ನನಗೆ ತೊಡಕು. ಹೊಟ್ಟೆಪಾಡಿಗೆ ನಾನೇ ಬಳಸುವ ಡ್ರಿಲ್ ಮಿಷನ್ ಆದರೆ ಆ ಮಾತು ಬೇರೆ, ಸ್ವಂತ ದುಡಿಮೆಯ ಸಾಧನಕ್ಕೆ ಕಾಯ್ದೆಯಲ್ಲಿ ಜಾಗವಿದೆ. ಅದಕ್ಕೇ ಮನೆಯ ಮಾಲಿನ ಬಿಲ್ ಯಜಮಾನರ ಹೆಸರಲ್ಲೇ ಇರಲಿ ಅನ್ನುತ್ತೇನೆ. ಮಾರಾಟಗಾರ ದೆಹಲಿಯಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2020ರ ಇ-ಕಾಮರ್ಸ್ ನಿಯಮದಂತೆ ಮಾರುವವನ ಹೆಸರು, ವಿಳಾಸ ತೋರಿಸಲೇಬೇಕು, ದೂರು ಬಂದ 48 ಗಂಟೆಯಲ್ಲಿ ಮುಟ್ಟಿದೆ ಅನ್ನಬೇಕು, ತಿಂಗಳೊಳಗೆ ಬಗೆಹರಿಸಬೇಕು. ಆರ್ಡರ್ ಹಾಕುವ ಮೊದಲು ಆ ಮಾರುವವನ ಹೆಸರಿನ ಸಾಲನ್ನು ಓದುವುದು ನನಗೆ ರೂಢಿ. ಬ್ರ್ಯಾಂಡ್ ದೊಡ್ಡದಿದ್ದು ಮಾರುವವನು ಕೇಳರಿಯದ ಹೆಸರಾದರೆ ಮುಂದೆ ಹೋಗುವುದಿಲ್ಲ.

ಯಜಮಾನರೇ ಮಾಲು ತರಿಸುತ್ತೇನೆ ಅಂದರೆ ಈಗ ನಾನು ಬೇಡ ಅನ್ನುವುದಿಲ್ಲ. ಪುಸ್ತಕದಲ್ಲಿ ಎರಡು ಸಾಲು ಬರೆದು ಸಹಿ ಹಾಕಿಸುತ್ತೇನೆ: ಕೂರಿಸಿದ ಕೆಲಸಕ್ಕೆ ಗ್ಯಾರಂಟಿ ನನ್ನದು, ಮಾಲಿನದು ಅಲ್ಲ, ಅಳತೆ ತಪ್ಪಿ ಆಳು ಕೂತರೆ ಅರ್ಧ ಕೂಲಿ. ಪಾರ್ಸಲ್ ಬಂದ ದಿನವೇ ಮೊಬೈಲಲ್ಲಿ ವಿಡಿಯೋ ಹಿಡಿದು ಬಿಚ್ಚಲು ಹೇಳುತ್ತೇನೆ, ಡಬ್ಬ ಎಸೆಯಬೇಡಿ ಅನ್ನುತ್ತೇನೆ. ನಲ್ಲಿಗಳನ್ನು ಅಂಗಳದ ಪೈಪಿಗೆ ಸಿಕ್ಕಿಸಿ ಒಂದೊಂದಾಗಿ ನೀರು ಬಿಟ್ಟು ನೋಡುತ್ತೇನೆ. ಅದಕ್ಕೆ ಬೇರೆ ಕೂಲಿ ಹಾಕುವುದಿಲ್ಲ.